ಬೆನ್ನೇರದೆ ಕುದುರೆ ಸಾಕುವುದು

ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ನಮ್ಮ ಮಾತಿನಲ್ಲಿ ಎಷ್ಟು ಹೊಕ್ಕಿದೆಯೆಂದರೆ, ಕುದುರೆ ಎಂದೊಡನೆ ಅದರ ಬೆನ್ನಲ್ಲದೆ ಬೇರೇನೂ ನಮಗೆ ನೆನಪಾಗುವುದಿಲ್ಲ. ಹಾಗಾಗಿ, ನಾನು ಎರಡು ಕುದುರೆಗಳನ್ನು ಸಾಕಿದ್ದೇನೆ, ಆದರೆ ಎರಡನ್ನೂ ಹತ್ತುವುದಿಲ್ಲ ಎಂದು ಹೇಳಿದಾಗ ಕೇಳಿದವರ ಮುಖದಲ್ಲಿ ಗೊಂದಲ ಮೂಡುತ್ತದೆ. ಹಾಲಿಗಲ್ಲ, ಕಾವಲಿಗಲ್ಲ, ಹೊರೆ ಹೊರುವುದಕ್ಕೂ ಅಲ್ಲ. ಸವಾರಿಯೂ ಇಲ್ಲವೆಂದ ಮೇಲೆ ಅಷ್ಟು ದೊಡ್ಡ ಪ್ರಾಣಿಯನ್ನು ಯಾಕಾಗಿ ಸಾಕಬೇಕು ಎಂದು ಅವರು ಕೇಳುವುದು ಸಹಜವೇ. ಕಾರಣಗಳು ಒಬ್ಬೊಬ್ಬರಿಗೆ ಒಂದೊಂದು. ಆದರೆ ಅವುಗಳಲ್ಲಿ ಬಹುಪಾಲು ಒಂದೇ ಕಡೆಯಿಂದ ಹೊರಡುತ್ತವೆ ಎಂಬುದು ನನ್ನ ನಂಬಿಕೆ: ಕುದುರೆಯು ಮನುಷ್ಯನನ್ನು ಬಹಳ ಸೂಕ್ಷ್ಮವಾಗಿ ಗಮನಿಸುವ ಪ್ರಾಣಿ, ಮತ್ತು ತನ್ನನ್ನೂ ಅಷ್ಟೇ ಸೂಕ್ಷ್ಮವಾಗಿ ಗಮನಿಸುವುದನ್ನು ಅದು ನಮಗೆ ರೂಢಿ ಮಾಡಿಸುತ್ತದೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸವಾರಿ ಮಾಡುವವರು ಕೂಡ ಕುದುರೆಯ ಜೊತೆ ಕಳೆಯುವ ಹೊತ್ತಿನಲ್ಲಿ ಹೆಚ್ಚಿನದು ನೆಲದ ಮೇಲೆಯೇ ಕಳೆಯುತ್ತದೆ. ದಿನಕ್ಕೆ ಒಂದು ಗಂಟೆ ಹತ್ತುವವರಿದ್ದರೂ, ಮೇವು ಹಾಕುವುದು, ನೀರು ತುಂಬುವುದು, ಲಾಯ ಗುಡಿಸುವುದು, ಮೈ ಉಜ್ಜುವುದು, ಗೊರಸು ಶುಚಿ ಮಾಡುವುದು, ಗಾಯ ಏನಾದರೂ ಆಗಿದೆಯೇ ಎಂದು ಕಾಲುಗಳ ಮೇಲೆ ಕೈಯಾಡಿಸುವುದು ಇವೆಲ್ಲ ಸೇರಿದರೆ ಸವಾರಿಯ ಹೊತ್ತನ್ನು ಮೀರುತ್ತವೆ. ಸವಾರಿಯನ್ನು ತೆಗೆದುಹಾಕಿದರೆ ಕುದುರೆ ಸಾಕಣೆಯಲ್ಲಿ ಏನೂ ಉಳಿಯುವುದಿಲ್ಲ ಎಂದು ತಿಳಿಯುವವರು ಈ ದೊಡ್ಡ ಭಾಗವನ್ನು ಬರಿಯ ಚಾಕರಿ ಎಂದು ಲೆಕ್ಕದಿಂದ ಬಿಟ್ಟಿರುತ್ತಾರೆ. ನನಗಾದರೋ ಆ ಚಾಕರಿಯೇ ಮುಖ್ಯ.

ಗೊರಸಿನ ಕೆಲಸವನ್ನೇ ನೋಡಿ. ಕುದುರೆಯ ಪಕ್ಕದಲ್ಲಿ, ಅದರ ಬಾಲದ ಕಡೆಗೆ ಮುಖ ಮಾಡಿ ನಿಂತು, ಹೆಗಲಿನಿಂದ ಮೊಣಕಾಲಿನವರೆಗೆ ಅಂಗೈಯನ್ನು ನಿಧಾನವಾಗಿ ಇಳಿಸಿಕೊಂಡು ಬಂದರೆ, ಪಳಗಿದ ಕುದುರೆ ಕೈ ಕೆಳಗೆ ಮುಟ್ಟುವ ಮೊದಲೇ ತೂಕವನ್ನು ಉಳಿದ ಮೂರು ಕಾಲುಗಳಿಗೆ ಸರಿಸಿ ಪಾದವನ್ನು ಎತ್ತಿಕೊಡುತ್ತದೆ. ಓಡಿ ಪ್ರಾಣ ಉಳಿಸಿಕೊಳ್ಳುವ ಪ್ರಾಣಿಯೊಂದು ತನ್ನ ಕಾಲನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು ಸಣ್ಣ ವಿಷಯವಲ್ಲ. ಗೊರಸಿನ ಅಡಿಯಲ್ಲಿ ಮೆತ್ತಿಕೊಂಡ ಮಣ್ಣು ಲದ್ದಿಗಳನ್ನು ಕೊಕ್ಕೆಯಿಂದ ಹಿಮ್ಮಡಿಯ ಕಡೆಯಿಂದ ಮುಂದಕ್ಕೆ ಕೆದರಿ ತೆಗೆದಾಗ, ನಡುವೆ ಮೂರು ಮೂಲೆಯ ಮೆತ್ತನೆಯ ಭಾಗ ಕಾಣುತ್ತದೆ. ಅದರ ಇಕ್ಕೆಲದ ಸೀಳುಗಳಲ್ಲಿ ಕಪ್ಪು ಕೊಳೆಯೋ ಕೊಳೆತ ವಾಸನೆಯೋ ಇದ್ದರೆ ನೆಲ ಒದ್ದೆಯಾಗಿದೆ, ಮದ್ದು ಬೇಕು ಎಂದು ಅರ್ಥ. ಗೊರಸಿನ ಹೊರಗೋಡೆ ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುವುದರಿಂದ, ಮೇಲಿನ ಅಂಚಿನಲ್ಲಿ ಹುಟ್ಟಿದ ಭಾಗ ನೆಲ ಮುಟ್ಟುವುದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ನಡುವೆ ಜ್ವರ ಬಂದಿದ್ದರೆ, ಮೇವು ಬದಲಾಗಿದ್ದರೆ, ಅದರ ಗುರುತು ಗೋಡೆಯ ಮೇಲೆ ಅಡ್ಡ ಏಣಿನಂತೆ ಮೂಡಿ ತಿಂಗಳು ತಿಂಗಳು ಕೆಳಗಿಳಿಯುತ್ತದೆ. ಕುದುರೆಯ ಕಳೆದ ವರ್ಷವನ್ನು ಅದರ ಗೊರಸಿನ ಮೇಲೆ ಹೀಗೆ ಓದಬಹುದು. ಲಾಳ ಹೊಡೆಸದ ಕುದುರೆಗೂ ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಹೆರೆಸಬೇಕಾಗುತ್ತದೆ. ಪ್ರತಿ ಸಲವೂ ಲಾಳದವರ ಪಕ್ಕದಲ್ಲಿ ನಿಂತು ನೋಡಿದರೆ ಹೊಸದೊಂದು ವಿಷಯ ತಿಳಿಯುತ್ತದೆ.

ಮೈ ಉಜ್ಜುವುದರಲ್ಲಿ ಇಬ್ಬರಿಗೂ ಸುಖವಿದೆ. ಕುದುರೆಗಳು ತಮ್ಮತಮ್ಮಲ್ಲೇ ಎದುರುಬದುರಾಗಿ ನಿಂತು, ಕುತ್ತಿಗೆಯ ಬುಡ ಹೆಗಲಿಗೆ ಕೂಡುವ ಉಬ್ಬಿನ ಸುತ್ತ ಒಂದನ್ನೊಂದು ಹಲ್ಲಿನಿಂದ ಕೆರೆಯುತ್ತವೆ. ಅದೇ ಜಾಗವನ್ನು ಮನುಷ್ಯರು ಕೈಯಿಂದ ಕೆರೆದಾಗ ಕುದುರೆಯ ಹೃದಯದ ಬಡಿತ ಇಳಿಯುತ್ತದೆ ಎಂಬುದನ್ನು 1993ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಳೆದು ತೋರಿಸಿತು. ಬೇರೆ ಜಾಗ ಕೆರೆದಾಗ ಆ ಇಳಿತ ಕಾಣಲಿಲ್ಲ. ನಮ್ಮ ಹೆಣ್ಣುಕುದುರೆಯ ಆ ಉಬ್ಬಿನ ಮೇಲೆ ಬೆರಳು ಒತ್ತಿ ಕೆರೆದರೆ, ಅದರ ಮೇಲ್ತುಟಿ ಉದ್ದವಾಗಿ ಮುಂದಕ್ಕೆ ಚಾಚಿಕೊಂಡು ಗಾಳಿಯಲ್ಲೇ ಅತ್ತಿತ್ತ ಆಡತೊಡಗುತ್ತದೆ, ಕಣ್ಣು ಅರೆಮುಚ್ಚುತ್ತದೆ, ಕೆಲವೊಮ್ಮೆ ಕತ್ತು ತಿರುಗಿಸಿ ನನ್ನ ಭುಜವನ್ನು ತುಟಿಯಿಂದ ಉಜ್ಜಿ ಋಣ ತೀರಿಸಲು ನೋಡುತ್ತದೆ. ಹಲ್ಲು ಬಳಸದಂತೆ ತಡೆಯಬೇಕು, ಆದರೆ ಆ ಮರ್ಯಾದೆಯನ್ನು ನಾನು ಮನಸಾರೆ ಒಪ್ಪಿಕೊಳ್ಳುತ್ತೇನೆ.

ಕುದುರೆ ನಮ್ಮನ್ನು ಗಮನಿಸುತ್ತದೆ ಎಂದೆನಲ್ಲ, ಅದಕ್ಕೆ ಚರಿತ್ರೆಯಲ್ಲಿ ಸಿಗುವ ದೊಡ್ಡ ಸಾಕ್ಷಿ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆ. ಗಣಿತದ ಮೇಷ್ಟ್ರಾಗಿದ್ದ ವಿಲ್‌ಹೆಲ್ಮ್ ಫಾನ್ ಓಸ್ಟೆನ್ ಅದಕ್ಕೆ ಲೆಕ್ಕ ಕಲಿಸಿದ್ದೇನೆಂದು ನಂಬಿದ್ದರು. ಕೂಡುವ, ಕಳೆಯುವ ಪ್ರಶ್ನೆ ಕೇಳಿದರೆ ಅದು ಮುಂಗಾಲಿನಿಂದ ನೆಲವನ್ನು ತಟ್ಟಿ ಸರಿಯುತ್ತರ ಹೇಳುತ್ತಿತ್ತು. 1907ರಲ್ಲಿ ಮನಶ್ಶಾಸ್ತ್ರಜ್ಞ ಓಸ್ಕರ್ ಫುಂಗ್‌ಸ್ಟ್ ತಾಳ್ಮೆಯಿಂದ ಪರೀಕ್ಷಿಸಿದಾಗ, ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಾಗುತ್ತಿರಲಿಲ್ಲ, ಕೇಳಿದವರು ಕಣ್ಣಿಗೆ ಬೀಳದಿದ್ದರೂ ಅದು ತಪ್ಪುತ್ತಿತ್ತು ಎಂಬುದು ತಿಳಿಯಿತು. ಎಣಿಕೆ ಸರಿಯಾದ ಸಂಖ್ಯೆಗೆ ಬಂದ ಕ್ಷಣದಲ್ಲಿ ಎದುರು ನಿಂತವರ ತಲೆ, ಮುಖ, ಮೈಯ ಬಿಗಿತ ಕೂದಲೆಳೆಯಷ್ಟು ಬದಲಾಗುತ್ತಿತ್ತು. ಕುದುರೆ ಅದನ್ನು ನೋಡಿ ತಟ್ಟುವುದನ್ನು ನಿಲ್ಲಿಸುತ್ತಿತ್ತು. ಗುಟ್ಟು ತಿಳಿದ ಮೇಲೂ ಫುಂಗ್‌ಸ್ಟ್ ತಮ್ಮ ಮೈಯ ಆ ಸೂಚನೆಗಳನ್ನು ಪೂರ್ತಿ ತಡೆಯಲಾಗಲಿಲ್ಲ. ಈ ಕಥೆಯನ್ನು ಸಾಮಾನ್ಯವಾಗಿ ಕುದುರೆಗೆ ಬುದ್ಧಿಯಿಲ್ಲ ಎನ್ನುವುದಕ್ಕೆ ಹೇಳುತ್ತಾರೆ. ನನಗೆ ಅದು ಅನ್ಯಾಯವೆನಿಸುತ್ತದೆ. ಅಲ್ಲಿ ಸೇರಿದ್ದ ವಿದ್ವಾಂಸರು ಯಾರೂ ಕಾಣದಿದ್ದ ಸನ್ನೆಯನ್ನು ಕಂಡದ್ದು ಹಾನ್ಸ್ ಒಂದೇ. ಲೆಕ್ಕ ಬರುವುದಕ್ಕಿಂತ ಇದು ಹೆಚ್ಚಿನ ವಿದ್ಯೆ.

ಈಚಿನ ಸಂಶೋಧನೆಗಳು ಇದನ್ನು ಇನ್ನಷ್ಟು ಗಟ್ಟಿ ಮಾಡಿವೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಪಗೊಂಡ ಮನುಷ್ಯಮುಖದ ಫೋಟೋ ತೋರಿಸಿದಾಗ ಕುದುರೆಗಳು ಅದನ್ನು ಹೆಚ್ಚಾಗಿ ಎಡಗಣ್ಣಿನಿಂದ ನೋಡಿದವು, ಅವುಗಳ ಹೃದಯದ ಬಡಿತವೂ ಬೇಗನೆ ಏರಿತು. ಅದೇ ವರ್ಷ ನಾರ್ವೆಯಲ್ಲಿ 23 ಕುದುರೆಗಳಿಗೆ ಹಲಗೆಯ ಮೇಲಿನ ಮೂರು ಗುರುತುಗಳನ್ನು ಕಲಿಸಿದ ವರದಿ ಬಂತು: ಒಂದು ಗುರುತಿಗೆ ಮೂಗು ಮುಟ್ಟಿಸಿದರೆ ಮೈಗೆ ಕಂಬಳಿ ಹೊದಿಸುತ್ತಾರೆ, ಇನ್ನೊಂದಕ್ಕೆ ಮುಟ್ಟಿಸಿದರೆ ಕಂಬಳಿ ತೆಗೆಯುತ್ತಾರೆ, ಮೂರನೆಯದಕ್ಕೆ ಇದ್ದಂತೆಯೇ ಬಿಡುತ್ತಾರೆ. ದಿನಕ್ಕೆ ಸ್ವಲ್ಪ ಹೊತ್ತಿನ ಪಾಠದಿಂದ ಎರಡು ವಾರಗಳೊಳಗೆ ಅಷ್ಟೂ ಕುದುರೆಗಳು ಕಲಿತವು. ಬಿಸಿಲಿದ್ದಾಗ ಕಂಬಳಿ ಬೇಡವೆಂದವು, ಮಳೆಗಾಳಿಯ ದಿನ ಬೇಕೆಂದವು. ಕುದುರೆಯೊಡನೆ ಬಾಳುವವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು, ಆದರೆ ತಮ್ಮ ಇಷ್ಟವನ್ನು ಹೇಳುವ ಅವಕಾಶ ಅವುಗಳಿಗೆ ಸಿಕ್ಕಿತಲ್ಲ ಎಂದು ನನಗೆ ಬಹಳ ಸಂತೋಷವಾಯಿತು.

ಇಂಥ ಪ್ರಾಣಿಯ ಎದುರು ಮನಸ್ಸಿನಲ್ಲಿ ಬೇರೆ ಯೋಚನೆ ಇಟ್ಟುಕೊಂಡು ನಿಲ್ಲುವುದು ಕಷ್ಟ. ಆತುರದಲ್ಲಿ ಲಾಯಕ್ಕೆ ಹೋದ ದಿನ ನಮ್ಮ ಕುದುರೆ ತಲೆ ಎತ್ತಿ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ನಾನು ನಿಂತು, ಉಸಿರು ಬಿಟ್ಟು, ಭುಜ ಸಡಿಲಿಸಿದರೆ ಕಿವಿಗಳು ಮತ್ತೆ ನನ್ನತ್ತ ತಿರುಗುತ್ತವೆ. ಈ ಕಾರಣಕ್ಕೇ ಮನೋವ್ಯಥೆ ಇರುವವರಿಗೆ, ಯುದ್ಧದಿಂದ ಮರಳಿದವರಿಗೆ, ಮಾತು ಕಷ್ಟವಾಗಿರುವ ಮಕ್ಕಳಿಗೆ ಕುದುರೆಯ ಸಂಗವನ್ನು ಚಿಕಿತ್ಸೆಯ ಭಾಗವಾಗಿ ಬಳಸುವವರಿದ್ದಾರೆ, ಅದರಲ್ಲಿ ಎಷ್ಟೋ ಕಡೆ ಸವಾರಿಯೇ ಇರುವುದಿಲ್ಲ. ಕುದುರೆ ಎಲ್ಲವನ್ನೂ ವಾಸಿ ಮಾಡುತ್ತದೆ ಎಂದು ಹೇಳುವವರ ಜೊತೆ ನಾನು ಸೇರುವುದಿಲ್ಲ; ತನ್ನ ನೋವು ಮರೆಸುವುದಕ್ಕಾಗಿಯೇ ಒಂದು ಪ್ರಾಣಿಯನ್ನು ಕೊಳ್ಳುವುದು ಆ ಪ್ರಾಣಿಯ ಮೇಲೆ ಹೇರುವ ಹೊರೆಯೂ ಆಗುತ್ತದೆ.

ಬರೀ ನೋಡುತ್ತ ಕೂರುವುದಕ್ಕಾಗಿಯೂ ಕುದುರೆ ಸಾಕುವವರಿದ್ದಾರೆ, ಅದನ್ನು ಸೋಮಾರಿತನ ಎನ್ನಬಾರದು. ಬಯಲಿನಲ್ಲಿ ಬಿಟ್ಟ ಕುದುರೆ ದಿನದ ಹೆಚ್ಚಿನ ಹೊತ್ತು ಮೇಯುತ್ತಲೇ ಇರುತ್ತದೆ. ತಲೆಯ ಎರಡು ಪಕ್ಕಗಳಲ್ಲಿರುವ ಕಣ್ಣುಗಳಿಂದ ಸುತ್ತಲೂ ಸುಮಾರು 350 ಡಿಗ್ರಿಯಷ್ಟು ಅದಕ್ಕೆ ಕಾಣುವುದರಿಂದ, ಮೇಯುವಾಗಲೂ ಅದರ ನಿಗಾ ತಪ್ಪುವುದಿಲ್ಲ. ನಿಂತೇ ತೂಕಡಿಸುವಂತೆ ಅದರ ಕಾಲಿನ ಸ್ನಾಯು ಮೂಳೆಗಳ ರಚನೆ ಇದೆಯಾದರೂ, ಕನಸಿನ ಗಾಢ ನಿದ್ದೆ ಬರಬೇಕಾದರೆ ಅದು ಮಲಗಲೇಬೇಕು. ಹಾಗೆ ಮಲಗುವುದು ಜೊತೆಯ ಕುದುರೆಯೊಂದು ಎಚ್ಚರವಾಗಿ ನಿಂತಿದ್ದು, ಜಾಗ ಸುರಕ್ಷಿತವೆಂದು ಮನವರಿಕೆಯಾದಾಗ ಮಾತ್ರ. ನಮ್ಮ ಗಂಡುಕುದುರೆ ನಾನು ಬೇಲಿಯ ಬಳಿ ಕೂತಿರುವಾಗಲೇ ಮಲಗಿ, ಗದ್ದವನ್ನು ನೆಲಕ್ಕೆ ಊರಿ, ಕಾಲು ಅದುರಿಸುತ್ತ ನಿದ್ದೆ ಮಾಡಿದ್ದನ್ನು ಮೊದಲ ಸಲ ಕಂಡಾಗ, ಅದರ ಬೆನ್ನ ಮೇಲೆ ಕೂತು ಎಷ್ಟು ದೂರ ಹೋಗಿದ್ದರೂ ಸಿಗದಂಥ ಮನ್ನಣೆ ಸಿಕ್ಕಿತು ಎಂದು ನನಗೆ ಅನಿಸಿತು.

ಚಿತ್ರ ಬರೆಯುವವರಿಗೂ ಫೋಟೋ ತೆಗೆಯುವವರಿಗೂ ಕುದುರೆ ಮುಗಿಯದ ವಸ್ತು. ಜಾರ್ಜ್ ಸ್ಟಬ್ಸ್ ಎಂಬ ಇಂಗ್ಲಿಷ್ ಚಿತ್ರಕಾರ ಕುದುರೆಯ ಅಂಗರಚನೆಯನ್ನು ತಿಳಿಯುವುದಕ್ಕಾಗಿ ಸುಮಾರು ಹದಿನೆಂಟು ತಿಂಗಳು ಸತ್ತ ಕುದುರೆಗಳನ್ನು ಪದರಪದರವಾಗಿ ಬಿಡಿಸಿ ನೋಡಿದವರು. ಆ ರೇಖಾಚಿತ್ರಗಳು 1766ರಲ್ಲಿ ಪುಸ್ತಕವಾಗಿ ಬಂದವು. ಅವರು 1762ರ ಸುಮಾರಿಗೆ ಬರೆದ ವಿಸಲ್‌ಜಾಕೆಟ್ ಎಂಬ ಕುದುರೆಯ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಆ ಹೊತ್ತಿಗೆ ಪಂದ್ಯದ ಓಟ ಮುಗಿಸಿದ್ದ ಗಂಡುಕುದುರೆ ಅದು. ನಿಜವಾದ ಕುದುರೆಯಷ್ಟೇ ದೊಡ್ಡದಾದ ಆ ಚಿತ್ರದಲ್ಲಿ ಜೀನಿಲ್ಲ, ಲಗಾಮಿಲ್ಲ, ಸವಾರನಿಲ್ಲ, ಹಿನ್ನೆಲೆಯಲ್ಲಿ ಮರ ಗಿಡ ಕೂಡ ಇಲ್ಲ. ಕುದುರೆ ಒಂದೇ ಇದೆ, ಅದರ ಕಣ್ಣು ನೋಡುವವರ ಕಡೆಗಿದೆ. ಸವಾರಿಯನ್ನು ತೆಗೆದ ಮೇಲೂ ಕುದುರೆ ಪೂರ್ಣವಾಗಿಯೇ ಉಳಿಯುತ್ತದೆ ಎನ್ನುವುದನ್ನು ಇಷ್ಟು ಚೆನ್ನಾಗಿ ಬೇರೆ ಯಾರೂ ತೋರಿಸಿಲ್ಲ. ಮುಂದೆ 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ನಾಗಾಲೋಟದ ಫೋಟೋಗಳನ್ನು ತೆಗೆದಾಗ, ನಾಲ್ಕೂ ಕಾಲು ನೆಲ ಬಿಡುವುದು ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡಾಗ ಅಲ್ಲ, ಹೊಟ್ಟೆಯ ಕೆಳಗೆ ಒಟ್ಟುಗೂಡಿದಾಗ ಎಂಬುದು ಗೊತ್ತಾಯಿತು. ಅಲ್ಲಿಯವರೆಗೆ ಚಿತ್ರಕಾರರು ಬರೆದದ್ದು ಕಣ್ಣಿಗೆ ತೋಚಿದ್ದನ್ನು.

ಇನ್ನು ಬೆನ್ನೇರದೆಯೂ ಕುದುರೆಯೊಡನೆ ಕೆಲಸ ಮಾಡುವ ದಾರಿಗಳು ಬೇಕಾದಷ್ಟಿವೆ. ಸಾರೋಟು ಕಟ್ಟಿ ಓಡಿಸುವವರಿದ್ದಾರೆ, ಉದ್ದನೆಯ ಎರಡು ಲಗಾಮುಗಳನ್ನು ಹಿಡಿದು ಕುದುರೆಯ ಹಿಂದೆ ನಡೆಯುತ್ತಲೇ ಕಸರತ್ತು ಮಾಡಿಸುವವರಿದ್ದಾರೆ, ಹಗ್ಗವನ್ನೂ ಹಾಕದೆ ಮೈಯ ಸನ್ನೆಯೊಂದರಿಂದಲೇ ಅದನ್ನು ತಿರುಗಿಸಿ, ನಿಲ್ಲಿಸಿ, ಹತ್ತಿರ ಕರೆಯುವುದನ್ನು ವರ್ಷಗಟ್ಟಲೆ ಕಲಿಯುವವರೂ ಇದ್ದಾರೆ. ಬ್ರಿಟನ್ನಿನ ರಾಜಕುಮಾರ ಫಿಲಿಪ್ 1971ರಲ್ಲಿ ಕೀಲುನೋವಿನಿಂದ ಪೋಲೋ ಆಟ ಬಿಟ್ಟ ಮೇಲೆ ಸಾರೋಟಿನ ಸ್ಪರ್ಧೆಗಳಿಗೆ ಇಳಿದರು, ತೊಂಬತ್ತು ದಾಟಿದ ಮೇಲೂ ಕುದುರೆಗಳನ್ನು ಕಟ್ಟಿ ಓಡಿಸುತ್ತಿದ್ದರು. ಮೊಣಕಾಲು, ಸೊಂಟ ಕೈಕೊಟ್ಟವರಿಗೆ, ಬಿದ್ದು ಹೆದರಿದವರಿಗೆ ಇಂಥ ದಾರಿಗಳು ಕುದುರೆಯ ಸಂಗವನ್ನು ಉಳಿಸಿಕೊಡುತ್ತವೆ. ಅರ್ಜೆಂಟೀನಾದ ಫಲಬೆಲ್ಲಾ ತಳಿಯಂಥ ಪುಟ್ಟ ಕುದುರೆಗಳನ್ನು ದೊಡ್ಡವರು ಹತ್ತುವ ಮಾತೇ ಇಲ್ಲ, ಆದರೂ ಅವು ಪೂರ್ತಿ ಕುದುರೆಗಳೇ. ಅವುಗಳಿಗೂ ಬಯಲು ಬೇಕು, ಓಟ ಬೇಕು, ಶಿಸ್ತು ಬೇಕು, ನಾಯಿಯಂತೆ ಮನೆಯೊಳಗೆ ಮುದ್ದು ಮಾಡಿ ಕೆಡಿಸಬಾರದು.

ತಳಿ ಉಳಿಸುವ ಹಂಬಲದಿಂದ ಸಾಕುವವರ ಬಗ್ಗೆ ನನಗೆ ವಿಶೇಷ ಗೌರವ. ಟ್ರ್ಯಾಕ್ಟರ್ ಬಂದ ಮೇಲೆ ಉಳುವ ಕುದುರೆಗಳಿಗೆ ಕೆಲಸವೇ ಇಲ್ಲದಾಯಿತು. ಇಂಗ್ಲೆಂಡಿನ ಸಫೋಕ್ ಪಂಚ್ ಎಂಬ ದಷ್ಟಪುಷ್ಟ ತಳಿಯಲ್ಲಿ 1966ರಲ್ಲಿ ನೋಂದಣಿಯಾದ ಮರಿಗಳು ಕೇವಲ ಒಂಬತ್ತು. ಕಾಸ್ಪಿಯನ್ ಎಂಬ ಪುಟ್ಟ ತಳಿ ನಶಿಸಿಹೋಗಿದೆ ಎಂದೇ ಎಲ್ಲರೂ ತಿಳಿದಿದ್ದಾಗ, 1965ರಲ್ಲಿ ಲೂಯಿಸ್ ಫಿರೂಜ್ ಎಂಬವರು ಇರಾನಿನ ಉತ್ತರದಲ್ಲಿ ಅವುಗಳನ್ನು ಮತ್ತೆ ಗುರುತಿಸಿ, ಸಾಕಿ, ವಂಶ ಬೆಳೆಸಿದರು. ಇಂಥ ತಳಿಗಳು ಇವತ್ತಿಗೂ ಇರುವುದು ಲಾಭ ನೋಡದೆ ಒಂದೆರಡು ಹೆಣ್ಣುಕುದುರೆ ಇಟ್ಟುಕೊಂಡವರಿಂದ. ಬಣ್ಣದ ವಂಶವಾಹಿಯ ಲೆಕ್ಕವನ್ನು ಕೂಡಿ ಕಳೆಯುವುದರಲ್ಲಿ ಮೈಮರೆಯುವವರೂ ಉಂಟು. ವಯಸ್ಸಾದಂತೆ ಬೆಳ್ಳಗಾಗುವ ಕುದುರೆಗಳು ಹುಟ್ಟುವಾಗ ಸಾಮಾನ್ಯವಾಗಿ ಗಾಢ ಬಣ್ಣದವೇ. ಆ ಬದಲಾವಣೆ ತರುವ ವಂಶವಾಹಿ ಸಾವಿರಾರು ವರ್ಷಗಳ ಹಿಂದಿನ ಒಂದೇ ಮೂಲದಿಂದ ಬಂದದ್ದು ಎಂಬುದನ್ನು 2008ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಮರಿಯ ಆಸೆಗೆಂದೇ ಸುಮ್ಮನೆ ಗಬ್ಬ ಮಾಡಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹನ್ನೊಂದು ತಿಂಗಳು ಕಾದು, ಹೆಚ್ಚಾಗಿ ನಡುರಾತ್ರಿಯಲ್ಲೇ ಆಗುವ ಹೆರಿಗೆಯನ್ನು ನೋಡಿ, ಒಂದು ಗಂಟೆಯೊಳಗೆ ಕಾಲೂರಿ ನಿಲ್ಲುವ ಮರಿಯನ್ನು ಕಂಡ ಸಂಭ್ರಮ ದೊಡ್ಡದೇ. ಆ ಮರಿ ಮುಂದಿನ ಇಪ್ಪತ್ತೈದು ಮೂವತ್ತು ವರ್ಷ ಯಾರ ಬಳಿ ಬಾಳಬೇಕು ಎಂಬುದನ್ನು ಮೊದಲೇ ಯೋಚಿಸಿರಬೇಕು.

ಆ ಉದ್ದನೆಯ ಆಯುಷ್ಯವೇ ನನ್ನ ಸ್ವಂತ ಕಾರಣಕ್ಕೆ ಬುಡ. ನಮ್ಮ ಹೆಣ್ಣುಕುದುರೆ ದುಡಿದು ಮುಗಿಸಿದ್ದು, ಹಿಂಗಾಲಿನ ಕೀಲು ಸವೆದಿದೆ. ಕುದುರೆಯ ದುಡಿಮೆ ಹದಿನೈದು ಹದಿನೆಂಟು ವರ್ಷಕ್ಕೆ ಮುಗಿಯಬಹುದು, ಬದುಕು ಮುಗಿಯುವುದಿಲ್ಲ. ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿ ಎಳೆದ ಓಲ್ಡ್ ಬಿಲ್ಲಿ ಎಂಬ ಕುದುರೆ 1760ರಲ್ಲಿ ಹುಟ್ಟಿ 1822ರವರೆಗೆ, ಅಂದರೆ 62 ವರ್ಷ ಬದುಕಿತ್ತು. ಅದು ಅಪರೂಪ. ಆದರೆ ದುಡಿಮೆ ನಿಂತ ಮೇಲೆ ಹತ್ತು ವರ್ಷ ಬಾಳುವ ಕುದುರೆ ಅಪರೂಪವಲ್ಲ, ಆ ಹತ್ತು ವರ್ಷ ಅದಕ್ಕೆ ಜಾಗ ಕೊಡುವವರು ಮಾತ್ರ ಕಡಿಮೆ. ಮುದಿ ಕುದುರೆಯನ್ನು ಸಾಕುವುದನ್ನು ತ್ಯಾಗ ಎಂದು ಯಾರಾದರೂ ಹೊಗಳಿದರೆ ನನಗೆ ಸರಿ ಕಾಣುವುದಿಲ್ಲ. ಅವಸರವಿಲ್ಲದ, ಮನುಷ್ಯರ ರೀತಿನೀತಿಗಳನ್ನು ಪೂರ್ತಿ ಬಲ್ಲ, ತನ್ನ ಇಷ್ಟಾನಿಷ್ಟಗಳಲ್ಲಿ ಖಚಿತವಾದ ಒಂದು ಜೀವದ ಜೊತೆ ದಿನ ಕಳೆಯುವುದು ಸುಖದ ವಿಷಯ.

ಲದ್ದಿಯ ಬಗ್ಗೆಯೂ ಹೇಳಬೇಕು. ದೊಡ್ಡ ಕುದುರೆಯೊಂದು ದಿನಕ್ಕೆ ಸುಮಾರು 20 ಕಿಲೋದಷ್ಟು ಲದ್ದಿ ಹಾಕುತ್ತದೆ. ಗುಂಡಿಯಲ್ಲಿ ಕೆಲವು ತಿಂಗಳು ಕೊಳೆಸಿದರೆ ತೋಟಕ್ಕೆ ಒಳ್ಳೆಯ ಗೊಬ್ಬರವಾಗುತ್ತದೆ, ಗಿಡ ಬೆಳೆಸುವ ಸ್ನೇಹಿತರೂ ಹೆಚ್ಚುತ್ತಾರೆ.

ಸವಾರಿ ಇಲ್ಲದ ಕುದುರೆಗೆ ಆರೈಕೆ ಕಡಿಮೆ ಸಾಕು ಎಂದು ತಿಳಿದು ಕೊಳ್ಳುವವರಿಗೆ ಎರಡು ಮಾತು ಖಂಡಿತವಾಗಿ ಹೇಳಬೇಕು. ಒಂದೇ ಕುದುರೆಯನ್ನು ಒಂಟಿಯಾಗಿ ಇಡಬಾರದು. ಮನುಷ್ಯರು ಎಷ್ಟು ಪ್ರೀತಿಸಿದರೂ ಇನ್ನೊಂದು ಕುದುರೆಯ ಸ್ಥಾನ ತುಂಬಲಾರರು. ದುಡಿಮೆಯಿಲ್ಲದೆ ಸೊಂಪಾಗಿ ತಿಂದ ಕುದುರೆ ಬೇಗನೆ ಕೊಬ್ಬುತ್ತದೆ, ಕೊಬ್ಬಿದ ಕುದುರೆಗೆ ಗೊರಸಿನ ಒಳಪದರ ಉರಿದು ನಡೆಯಲಾಗದಂತಾಗುವ ಕಾಯಿಲೆ ಬರುತ್ತದೆ, ಕೈಮೀರಿದರೆ ಜೀವಕ್ಕೇ ಎರವಾಗುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲವಾದ್ದರಿಂದ ಹೊಟ್ಟೆನೋವು ಕೂಡ ಅದಕ್ಕೆ ಸಣ್ಣ ಕಾಯಿಲೆಯಲ್ಲ. ಮೇವು ಬಿಟ್ಟು ಹೊಟ್ಟೆಯ ಕಡೆಗೆ ತಿರುಗಿ ತಿರುಗಿ ನೋಡತೊಡಗಿದರೆ ಪಶುವೈದ್ಯರನ್ನು ಕರೆಯಲು ತಡಮಾಡಬಾರದು. ಹಾಗಾಗಿ ನಾನು ಎರಡನ್ನೂ ಸರದಿಯಲ್ಲಿ ಹಗ್ಗ ಹಿಡಿದು ನಡೆಸುತ್ತೇನೆ. ಪಕ್ಕದಲ್ಲಿ ನಡೆಯುವಾಗ ಕುದುರೆ ಕಾಣುವುದೆಲ್ಲ ನನಗೂ ಕಾಣತೊಡಗುತ್ತದೆ: ಒಂದು ಕಿವಿ ಪೊದೆಯ ಕಡೆಗೆ ತಿರುಗಿದರೆ ಅಲ್ಲಿ ಹಕ್ಕಿಯೋ ಹಾವೋ ಇದೆ, ನೆನ್ನೆ ಇಲ್ಲದ ಚೀಲವೊಂದು ದಾರಿಯಲ್ಲಿ ಬಿದ್ದಿದ್ದರೆ ಅದನ್ನು ಮೂಸಿ ನೋಡಿಯೇ ಮುಂದಿನ ಹೆಜ್ಜೆ.

ಇಷ್ಟು ಓದಿ ತಮಗೂ ಒಂದು ಕುದುರೆ ಬೇಕೆನಿಸಿದವರು ಕೊಳ್ಳುವ ಮೊದಲು ಬೇರೆಯವರ ಲಾಯದಲ್ಲಿ ಒಂದು ಮಳೆಗಾಲ ಪೂರ್ತಿ ಕೆಲಸ ಮಾಡಿ ನೋಡಲಿ. ಕೆಸರಿನಲ್ಲಿ ಲದ್ದಿ ಬಾಚುವಾಗ, ಒದ್ದೆ ಗೊರಸನ್ನು ತೊಡೆಯ ಮೇಲಿಟ್ಟು ಕೆದರುವಾಗ, ಹಸಿಯಾದ ಜೂಲಿನ ಸಿಕ್ಕು ಬಿಡಿಸುವಾಗ ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇರೋಣ ಎನಿಸಿದವರು ಜೀನಿಗೆಂದು ಎತ್ತಿಟ್ಟ ಹಣವನ್ನು ಒಳ್ಳೆಯ ಬೇಲಿಗೆ ಹಾಕಿ ಶುರುಮಾಡಬಹುದು.